ಚಾರಣದ ಹಾಸು

ಚಾರಣದ ಹಾಸು ಎಂದರೆ ಬೆನ್ನುಚೀಲದಲ್ಲಿ ಹೊತ್ತೊಯ್ದು, ರಾತ್ರಿ ಟೆಂಟಿನೊಳಗೋ ಬಯಲಿನಲ್ಲೋ ಸ್ಲೀಪಿಂಗ್ ಬ್ಯಾಗಿನ ಕೆಳಗೆ ಹಾಸಿಕೊಳ್ಳುವ, ಬೆಳಗಾದ ಮೇಲೆ ಸುತ್ತಿ, ಮಡಚಿ ಅಥವಾ ಗಾಳಿ ತೆಗೆದು ಕಟ್ಟಿಡಬಹುದಾದ ಹಗುರ ಹಾಸಿಗೆ. ಮಾರುಕಟ್ಟೆಯಲ್ಲಿ ಇದಕ್ಕೆ ಸ್ಲೀಪಿಂಗ್ ಪ್ಯಾಡ್, ಸ್ಲೀಪಿಂಗ್ ಮ್ಯಾಟ್ ಎಂಬ ಹೆಸರುಗಳಿದ್ದು, ಭಾರತದ ಚಾರಣಿಗರು ಸಾಮಾನ್ಯವಾಗಿ ಕ್ಯಾರಿಮ್ಯಾಟ್ ಎನ್ನುತ್ತಾರೆ. ಕಾಲು ಕಿಲೋದಿಂದ ಒಂದು ಕಿಲೋವರೆಗೆ ತೂಗುವ ಈ ವಸ್ತು ಎರಡು ಕೆಲಸ ಮಾಡುತ್ತದೆ: ಕಲ್ಲು, ಬೇರು, ಹೆಂಟೆಗಳು ಮೈಗೆ ಒತ್ತದಂತೆ ತಡೆಯುವುದು ಒಂದು, ಮೈಯ ಶಾಖ ನೆಲಕ್ಕೆ ಹರಿದುಹೋಗದಂತೆ ತಡೆಯುವುದು ಇನ್ನೊಂದು. ಕೊಳ್ಳುವವರು ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡುವುದು ಮೊದಲನೆಯ ಗುಣವನ್ನು. ಆದರೆ ಬೆಟ್ಟದ ಮೇಲೆ ಇರುಳು ಸುಖವಾಗಿ ಕಳೆಯುವುದೋ ನಡುಗುತ್ತ ಕಳೆಯುವುದೋ ಎಂಬುದನ್ನು ನಿರ್ಧರಿಸುವುದು ಎರಡನೆಯದು. ಮೆತ್ತಗಿರುವ ಹಾಸು ಬೆಚ್ಚಗಿರಲೇಬೇಕೆಂದಿಲ್ಲ, ದಪ್ಪವಾದದ್ದೂ ಹಾಗೆಯೇ.

ಮಲಗಿದವರ ಮೈಶಾಖ ಮುಖ್ಯವಾಗಿ ವಹನ, ಸಂವಹನ, ವಿಕಿರಣ ಎಂಬ ಮೂರು ಬಗೆಗಳಲ್ಲಿ ಹೊರಹೋಗುತ್ತದೆ. ವಸ್ತುವಿನಿಂದ ವಸ್ತುವಿಗೆ ನೇರ ಸ್ಪರ್ಶದಿಂದ ಶಾಖ ಸಾಗುವುದು ವಹನ, ಚಲಿಸುವ ಗಾಳಿ ಅಥವಾ ನೀರು ಅದನ್ನು ಹೊತ್ತೊಯ್ಯುವುದು ಸಂವಹನ, ನಡುವೆ ಯಾವ ಮಾಧ್ಯಮವೂ ಇಲ್ಲದೆ ಕಿರಣರೂಪದಲ್ಲಿ ಹೊಮ್ಮುವುದು ವಿಕಿರಣ. ಸ್ಲೀಪಿಂಗ್ ಬ್ಯಾಗು ತನ್ನ ಎಳೆ ಅಥವಾ ಗರಿಗಳ ನಡುವೆ ಗಾಳಿಯನ್ನು ಅಲುಗದಂತೆ ಹಿಡಿದಿಟ್ಟು ಮೈಯನ್ನು ಬೆಚ್ಚಗಿಡುತ್ತದೆಯೇ ಹೊರತು ತಾನಾಗಿ ಶಾಖವನ್ನೇನೂ ಕೊಡುವುದಿಲ್ಲ. ಮಲಗಿದವರ ಭಾರಕ್ಕೆ ಬೆನ್ನಿನ ಕೆಳಗಿನ ಭಾಗ ಚಪ್ಪಟೆಯಾಗಿ ಅಲ್ಲಿನ ಗಾಳಿ ಹೊರಟುಹೋಗುವುದರಿಂದ, ಎಷ್ಟೇ ಬೆಲೆಬಾಳುವ ಬ್ಯಾಗಾದರೂ ಕೆಳಗಿನಿಂದ ಬರುವ ಚಳಿಯನ್ನು ತಡೆಯಲಾರದು. ಮೇಲೆ ಇನ್ನೊಂದು ಹೊದಿಕೆ ಹೊದ್ದರೂ ಬೆನ್ನು ತಣ್ಣಗೇ ಉಳಿಯಲು ಇದೇ ಕಾರಣ. ಕೆಲಸಕ್ಕೆ ಬಾರದ ಆ ತಳಭಾಗವನ್ನೇ ಕೈಬಿಟ್ಟು ಹೊಲಿದ ಕ್ವಿಲ್ಟ್ ಎಂಬ ಹೊದಿಕೆಯನ್ನು ಹಗುರ ಚಾರಣದವರು ಇಷ್ಟಪಡುವುದೂ ಇದೇ ಕಾರಣಕ್ಕೆ. ನೆಲವಾದರೋ ಶಾಖವನ್ನು ಬಲು ಬೇಗ ಎಳೆದುಕೊಳ್ಳುತ್ತದೆ. ನಿಶ್ಚಲ ಗಾಳಿಯ ಶಾಖವಾಹಕತೆ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 0.025 ವ್ಯಾಟ್, ಪಾಲಿಎಥಿಲೀನ್ ಫೋಮಿನದು ಸುಮಾರು 0.04, ಒದ್ದೆ ಮಣ್ಣಿನದು 1ರಿಂದ 2, ಮಂಜುಗಡ್ಡೆಯದು 2ಕ್ಕೂ ಮಿಗಿಲು. ಅಂದರೆ ಒದ್ದೆ ನೆಲವು ನಿಶ್ಚಲ ಗಾಳಿಗಿಂತ ನಲವತ್ತರಿಂದ ಎಂಬತ್ತು ಪಟ್ಟು ಸಲೀಸಾಗಿ ಶಾಖವನ್ನು ಸಾಗಿಸುತ್ತದೆ. ಆದ್ದರಿಂದ ಹಾಸು ಯಾವ ವಸ್ತುವಿನದಾಗಿದ್ದರೂ ಅದರ ಮುಖ್ಯ ಘಟಕ ಗಾಳಿಯೇ. ಭಾರ ಬಿದ್ದರೂ ಆ ಗಾಳಿ ಜಾರಿಹೋಗದಂತೆ, ಅಲುಗದಂತೆ ಹಿಡಿದಿಡುವ ಉಪಾಯದಲ್ಲಿ ಮಾತ್ರ ಒಂದು ಹಾಸು ಇನ್ನೊಂದರಿಂದ ಬೇರೆಯಾಗುತ್ತದೆ.

ಈ ತತ್ತ್ವ ಶಾಸ್ತ್ರವಾಗಿ ಗೊತ್ತಾಗುವ ಮೊದಲೇ ರೂಢಿಯಲ್ಲಿತ್ತು. ಉತ್ತರ ಅಮೆರಿಕದ ಬೇಟೆಗಾರರೂ ಕಾಡುಸಂಚಾರಿಗಳೂ ಫರ್, ಸ್ಪ್ರೂಸ್ ಮರಗಳ ಎಳೆಯ ರೆಂಬೆಗಳನ್ನು ಕಡಿದು ಒತ್ತಾಗಿ ಜೋಡಿಸಿ ಅದರ ಮೇಲೆ ಮಲಗುತ್ತಿದ್ದರು. ಹೊರೇಸ್ ಕೆಫಾರ್ಟ್ 1906ರಲ್ಲಿ ಪ್ರಕಟಿಸಿದ, ಕಾಡಿನ ಬಿಡಾರವನ್ನು ಕುರಿತ ಹೆಸರಾಂತ ಪುಸ್ತಕದಲ್ಲಿ ಅಂಥ ಹಾಸಿಗೆಯ ವಿವರಣೆಯಿದೆ. ಕಾಡಿಗೆ ಹೋಗುವವರ ಸಂಖ್ಯೆ ಬೆಳೆದಂತೆ ಪ್ರತಿ ರಾತ್ರಿಗೂ ಮರ ಸವರುವ ಆ ಪದ್ಧತಿ ಸಲ್ಲದೆನಿಸಿತು. ಕರ್ನಾಟಕದ ಬಯಲುಸೀಮೆಯಲ್ಲಿ ಹಿಂಡಿನೊಂದಿಗೆ ಊರೂರು ಅಲೆಯುವ ಕುರಿಗಾಹಿಗಳಿಗೆ ಕಂಬಳಿಯೇ ಹಾಸು, ಅದೇ ಹೊದಿಕೆ, ಮಳೆ ಬಂದರೆ ಅದೇ ಕೊಪ್ಪೆ. ದಖನಿ ಕುರಿಯ ಒರಟು ಉಣ್ಣೆ ಭಾರಕ್ಕೆ ಪೂರ್ತಿ ಚಪ್ಪಟೆಯಾಗದೆ ಸ್ವಲ್ಪ ಗಾಳಿಯನ್ನು ಉಳಿಸಿಕೊಳ್ಳುತ್ತದೆ. ಆದರೆ ನೆನೆದ ಕಂಬಳಿಯ ತೂಕವನ್ನು ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವುದು ಬೇರೆಯೇ ಮಾತು. ಪರ್ವತಾರೋಹಣದಲ್ಲಿ ಮೊದಲು ಬಂದದ್ದು ರಬ್ಬರು ಲೇಪಿಸಿದ ಬಟ್ಟೆಯ ಗಾಳಿಹಾಸಿಗೆ. 1953ರಲ್ಲಿ ಎವರೆಸ್ಟ್ ಶಿಖರವನ್ನು ಮೊದಲು ಏರಿದ ಬ್ರಿಟಿಷ್ ತಂಡವೂ ಅಂಥ ಹಾಸಿಗೆಗಳನ್ನು ಒಯ್ದಿತ್ತು.

ಇಂದಿನ ಹಾಸುಗಳ ಪೈಕಿ ಅತ್ಯಂತ ಸರಳವಾದದ್ದು ಮುಚ್ಚುಗೂಡಿನ ಫೋಮಿನದು. ಇದರಲ್ಲಿ ಪ್ಲಾಸ್ಟಿಕ್ಕಿನ ಒಳಗೆ ಸಾವಿರಾರು ಸಣ್ಣ ಗುಳ್ಳೆಗಳು ಒಂದಕ್ಕೊಂದು ಸಂಪರ್ಕವಿಲ್ಲದಂತೆ ಮುಚ್ಚಿಕೊಂಡಿರುವುದರಿಂದ ಒತ್ತಿದರೆ ಗಾಳಿ ಹೊರಬರುವುದಿಲ್ಲ, ನೆನೆಸಿದರೆ ನೀರು ಒಳಹೋಗುವುದಿಲ್ಲ. ಅಮೆರಿಕದಲ್ಲಿ ಎನ್ಸೊಲೈಟ್ ಎಂಬ ಫೋಮು, ಬ್ರಿಟನ್ನಿನಲ್ಲಿ 1960ರ ದಶಕದಿಂದ ಕ್ಯಾರಿಮೋರ್ ಕಂಪನಿಯ ಕ್ಯಾರಿಮ್ಯಾಟ್ ಈ ಬಗೆಯನ್ನು ಪರ್ವತಾರೋಹಿಗಳ ನಡುವೆ ಬಳಕೆಗೆ ತಂದವು. ಈಗ ಪಾಲಿಎಥಿಲೀನ್ ಅಥವಾ ಇ.ವಿ.ಎ. ಫೋಮಿನ ಹಾಳೆಯನ್ನು ಸುರುಳಿಯಾಗಿಯೋ, ಉಬ್ಬುತಗ್ಗುಗಳ ಅಚ್ಚಿನಲ್ಲಿ ಒತ್ತಿ ಅಕಾರ್ಡಿಯನ್ ಬಗೆಯಲ್ಲಿ ಮಡಚುವಂತೆಯೋ ತಯಾರಿಸುತ್ತಾರೆ. ಥರ್ಮ್-ಎ-ರೆಸ್ಟ್ ಕಂಪನಿಯ ಜೀ ಲೈಟ್ ಸೋಲ್ ಎಂಬ ಮಡಚುಹಾಸು 2 ಸೆಂ.ಮೀ. ದಪ್ಪವಿದ್ದು ಸುಮಾರು 410 ಗ್ರಾಂ ತೂಗುತ್ತದೆ. ಈ ಜಾತಿಯ ಹಾಸು ತೂತಾದರೂ ಕೆಡುವುದಿಲ್ಲ, ಊದುವ ಶ್ರಮವಿಲ್ಲ, ದಾರಿಯಲ್ಲಿ ಕುಳಿತುಕೊಳ್ಳಲು ಬಿಚ್ಚಿ ಎಸೆದರೆ ಸಾಕು, ಬೆಲೆಯೂ ಕಡಿಮೆ. ಆದರೆ ಗಾತ್ರ ಕುಗ್ಗುವುದಿಲ್ಲವಾದ್ದರಿಂದ ಚೀಲದ ಹೊರಗೆ ಕಟ್ಟಬೇಕಾಗುತ್ತದೆ, ಮಗ್ಗುಲಾಗಿ ಮಲಗುವವರ ಸೊಂಟ ಮತ್ತು ಭುಜಕ್ಕೆ ನೆಲದ ಗಡಸು ತಟ್ಟುತ್ತದೆ, ಅಗ್ಗದ ಫೋಮಾದರೆ ಭಾರ ಬೀಳುವ ಜಾಗಗಳಲ್ಲಿ ಬೇಗನೆ ತೆಳುವಾಗುತ್ತದೆ. ಭಾರತದ ಅಂಗಡಿಗಳಲ್ಲಿ ಹೇರಳವಾಗಿ ಸಿಗುವ ಬೆಳ್ಳಿಬಣ್ಣದ ಹಾಳೆ ಅಂಟಿಸಿದ ತೆಳು ಮ್ಯಾಟುಗಳ ಬಗ್ಗೆ ಒಂದು ಮಾತು ಹೇಳಬೇಕು. ಹೊಳೆಯುವ ಮೇಲ್ಮೈ ವಿಕಿರಣವನ್ನು ಹಿಂದಿರುಗಿಸಬೇಕಾದರೆ ಅದರ ಎದುರಿಗೆ ಗಾಳಿಯ ತೆರವಿರಬೇಕು. ಮೈಯೋ ಬ್ಯಾಗೋ ಅದಕ್ಕೆ ಒತ್ತಿಕೊಂಡಿರುವಾಗ ಶಾಖ ವಹನದಿಂದಲೇ ಸಾಗುವ ಕಾರಣ ಬೆಳ್ಳಿಹಾಳೆಯಿಂದ ಆಗುವ ಲಾಭ ಅಲ್ಪ. ಬೆಚ್ಚಗಿಡುವುದು ಫೋಮಿನ ದಪ್ಪವೇ ಹೊರತು ಹೊಳಪಲ್ಲ.

ಎರಡನೆಯ ಬಗೆ ತಾನಾಗಿ ಉಬ್ಬುವ ಹಾಸು. ಬೋಯಿಂಗ್ ವಿಮಾನ ಕಂಪನಿ 1970ರ ಸುಮಾರಿಗೆ ಭಾರಿ ಪ್ರಮಾಣದಲ್ಲಿ ನೌಕರರನ್ನು ಕಡಿತ ಮಾಡಿದಾಗ ಕೆಲಸ ಕಳೆದುಕೊಂಡ ಎಂಜಿನಿಯರುಗಳಾದ ಜಿಮ್ ಲೀ ಮತ್ತು ನೀಲ್ ಆ್ಯಂಡರ್ಸನ್, ಜಾನ್ ಬರೋಸ್ ಎಂಬ ಗೆಳೆಯರೊಂದಿಗೆ ಸೇರಿ 1972ರಲ್ಲಿ ಸಿಯಾಟಲ್ ನಗರದಲ್ಲಿ ಕ್ಯಾಸ್ಕೇಡ್ ಡಿಸೈನ್ಸ್ ಎಂಬ ಕಂಪನಿಯನ್ನು ಕಟ್ಟಿ ಥರ್ಮ್-ಎ-ರೆಸ್ಟ್ ಎಂಬ ಹೆಸರಿನಲ್ಲಿ ಇದನ್ನು ಮಾರಾಟಕ್ಕೆ ತಂದರು. ತೋಟದ ಕೆಲಸಕ್ಕಾಗಿ ಫೋಮಿನ ದಿಂಬಿನ ಮೇಲೆ ಮಂಡಿಯೂರಿದಾಗ ಗಾಳಿ ಹೊರಬಂದದ್ದನ್ನು ಗಮನಿಸಿದ ಲೀ, ಆ ಗಾಳಿಯನ್ನು ಒಳಗೇ ತಡೆದರೆ ತೆಳುವಾದ ಫೋಮೂ ಮೆತ್ತಗಿರುತ್ತದೆಂದು ಯೋಚಿಸಿದರಂತೆ. ತೆರೆಗೂಡಿನ, ಎಂದರೆ ಗುಳ್ಳೆಗಳು ಒಂದಕ್ಕೊಂದು ತೆರೆದುಕೊಂಡಿರುವ ಪಾಲಿಯುರಿಥೇನ್ ಫೋಮನ್ನು ಗಾಳಿಯಾಡದ ನೈಲಾನ್ ಹೊದಿಕೆಯ ಒಳಮೈಗೆ ಬೆಸೆದು ಮೂಲೆಯಲ್ಲೊಂದು ವಾಲ್ವ್ ಇಡುವುದು ಇದರ ರಚನೆ. ವಾಲ್ವ್ ತೆರೆದರೆ ಅದುಮಿಟ್ಟ ಫೋಮು ಅರಳುತ್ತ ಗಾಳಿಯನ್ನು ಎಳೆದುಕೊಳ್ಳುತ್ತದೆ, ಕೊನೆಗೆ ಒಂದೆರಡು ಸಲ ಊದಿ ಬಿಗಿಮಾಡಬೇಕು. ಸುಖ ಮತ್ತು ಬಾಳಿಕೆಗಳಲ್ಲಿ ಇದು ಮೇಲು, ತೂಕ ಮಾತ್ರ ಅರ್ಧ ಕಿಲೋದಿಂದ ಒಂದು ಕಿಲೋವರೆಗೆ ಇರುತ್ತದೆ. ಹೀಗಾಗಿ ಕಾರಿನಲ್ಲಿ ಹೋಗಿ ಬಿಡಾರ ಹೂಡುವವರಿಗೆ ಹಿಡಿಸಿದಷ್ಟು ನಡೆದು ಹೋಗುವವರಿಗೆ ಇದು ಈಗ ಹಿಡಿಸುತ್ತಿಲ್ಲ.

ಮೂರನೆಯದಾದ ಗಾಳಿಹಾಸು ಇತ್ತೀಚಿನ ಹಗುರ ಚಾರಣದಲ್ಲಿ ಉಳಿದೆರಡನ್ನೂ ಹಿಂದಿಕ್ಕಿದೆ. ಬರೀ ಗಾಳಿ ತುಂಬಿದ ಕೊಳವೆಗಳ ಹಾಸಿಗೆ ಏಳು ಸೆಂಟಿಮೀಟರು ದಪ್ಪವಿದ್ದರೂ ಚಳಿಯಲ್ಲಿ ಪ್ರಯೋಜನಕ್ಕೆ ಬಾರದು. ಮಲಗಿದಾಗ ಮೇಲಿನ ಗಾಳಿ ಬೆಚ್ಚಗೂ ಕೆಳಗಿನದು ತಣ್ಣಗೂ ಇರುವುದರಿಂದ ಅದು ತನ್ನಷ್ಟಕ್ಕೆ ಸುತ್ತಾಡಲು ಹೆಚ್ಚಿನ ಕಾರಣವಿಲ್ಲವೆಂಬುದು ನಿಜ. ಆದರೆ ಮಗ್ಗುಲು ಬದಲಿಸಿದಾಗಲೆಲ್ಲ ಗಾಳಿ ಕಲಕುತ್ತದೆ, ಅಂಚಿನ ಕೊಳವೆಗಳು ತಣ್ಣಗಾಗುತ್ತವೆ, ಮೇಲುಪದರದಿಂದ ಕೆಳಪದರಕ್ಕೆ ವಿಕಿರಣ ಎಡೆಬಿಡದೆ ಸಾಗುತ್ತದೆ. ಈ ಸೋರಿಕೆಯನ್ನು ತಡೆಯಲು ಮೂರು ಉಪಾಯಗಳು ಬಂದವು. ಕೊಳವೆಗಳೊಳಗೆ ಬಾತುಕೋಳಿಯ ನಯಗರಿ ತುಂಬುವುದು ಮೊದಲನೆಯದು. ಅಮೆರಿಕದಲ್ಲಿ ಜ್ಯಾಕ್ ಸ್ಟೀಫನ್‌ಸನ್ ತೋರಿಸಿಕೊಟ್ಟ ಈ ಕ್ರಮದಿಂದ ಸ್ವಿಟ್ಜರ್ಲೆಂಡಿನ ಎಕ್ಸ್‌ಪೆಡ್ ಕಂಪನಿ ಹೆಸರಾಯಿತು. ಗರಿ ತೇವವಾದರೆ ಮುದ್ದೆಗಟ್ಟುವುದರಿಂದ ಇಂಥದನ್ನು ಬಾಯಿಂದ ಊದುವಂತಿಲ್ಲ. ಎರಡನೆಯದು ಕೃತಕ ಎಳೆಗಳ ಪದರವನ್ನು ಒಳಗೆ ಅಂಟಿಸುವುದು. ಮೂರನೆಯದೇ ಹೆಚ್ಚು ಜಾಣತನದ್ದು: ಅಲ್ಯೂಮಿನಿಯಂ ಲೇಪಿಸಿದ ತೆಳು ಹಾಳೆಗಳನ್ನು ಒಳಗೆ ತೂಗುಬಿಟ್ಟು, ಗಾಳಿಯನ್ನು ಸಣ್ಣ ಸಣ್ಣ ಕೋಣೆಗಳಾಗಿ ಒಡೆದು, ವಿಕಿರಣವನ್ನು ಮೈಯತ್ತ ತಿರುಗಿಸುವುದು. ಬೆಳ್ಳಿಹಾಳೆಗೆ ಬೇಕಾದ ಗಾಳಿಯ ತೆರವು ಇಲ್ಲಿ ಹಾಸಿನೊಳಗೇ ಇದೆ. 2009ರಲ್ಲಿ ಬಂದ ಥರ್ಮ್-ಎ-ರೆಸ್ಟ್ ನಿಯೋಏರ್, ಆರು ಸೆಂಟಿಮೀಟರಿಗೂ ಹೆಚ್ಚು ದಪ್ಪವಿದ್ದು ಸುಮಾರು 400 ಗ್ರಾಂ ಮಾತ್ರ ತೂಗುತ್ತಿದ್ದುದರಿಂದ ತಯಾರಕರೆಲ್ಲರ ಗುರಿಯನ್ನೇ ಬದಲಿಸಿತು. ಅಲ್ಯೂಮಿನಿಯಂ ಹಾಳೆಗಳುಳ್ಳ ಮೊದಮೊದಲ ಹಾಸುಗಳು ಹೊರಳಿದಾಗಲೆಲ್ಲ ಹಪ್ಪಳ ಮುರಿದಂಥ ಸದ್ದು ಮಾಡುತ್ತಿದ್ದವು, ಪಕ್ಕದವರ ನಿದ್ದೆಗೂ ಅದು ಭಂಗ ತರುತ್ತಿತ್ತು. ಈಚಿನವುಗಳಲ್ಲಿ ಆ ಸದ್ದು ಬಹುಮಟ್ಟಿಗೆ ತಗ್ಗಿದೆ.

ಹಾಸಿನ ಬೆಚ್ಚಗಿಡುವ ಶಕ್ತಿಯನ್ನು ಆರ್ ಮೌಲ್ಯ ಎಂಬ ಸಂಖ್ಯೆಯಲ್ಲಿ ಹೇಳುವುದು ವಾಡಿಕೆ. ಶಾಖದ ಹರಿವಿಗೆ ವಸ್ತುವೊಂದು ಒಡ್ಡುವ ಪ್ರತಿರೋಧದ ಅಳತೆಯಾದ ಇದು ಅಮೆರಿಕದ ಕಟ್ಟಡ ನಿರ್ಮಾಣದಲ್ಲಿ ಗೋಡೆ, ಚಾವಣಿಗಳ ಶಾಖನಿರೋಧವನ್ನು ಹೇಳಲು ಬಳಕೆಯಲ್ಲಿರುವ ಅಳತೆಯೇ ಆಗಿದ್ದು, ಅಡಿ ಮತ್ತು ಫ್ಯಾರನ್‌ಹೀಟ್ ಮಾನದಲ್ಲಿದೆ. ಅದರ ಒಂದು ಏಕಮಾನ ಮೆಟ್ರಿಕ್ ಮಾನದಲ್ಲಿ ಸುಮಾರು 0.176 ಆಗುತ್ತದೆ. ಬಹುಕಾಲ ಪ್ರತಿಯೊಂದು ಕಂಪನಿಯೂ ತನ್ನದೇ ವಿಧಾನದಲ್ಲಿ ಅಳೆದು ತನಗೆ ಬೇಕಾದ ಸಂಖ್ಯೆಯನ್ನು ಮುದ್ರಿಸುತ್ತಿತ್ತು, ಕೆಲವರು ಅದನ್ನೂ ಬಿಟ್ಟು ಇಷ್ಟು ಡಿಗ್ರಿವರೆಗೆ ತಾಳುತ್ತದೆ ಎಂದಷ್ಟೇ ಬರೆಯುತ್ತಿದ್ದರು; ಒಂದರ ಸಂಖ್ಯೆಯನ್ನು ಇನ್ನೊಂದರದರೊಡನೆ ಹೋಲಿಸುವುದರಲ್ಲಿ ಅರ್ಥವಿರಲಿಲ್ಲ. 2018ರಲ್ಲಿ ಎ.ಎಸ್.ಟಿ.ಎಂ. ಎಂಬ ಮಾನಕ ಸಂಸ್ಥೆ ಎಫ್ 3340 ಎಂಬ ಪರೀಕ್ಷಾಕ್ರಮವನ್ನು ಪ್ರಕಟಿಸಿದ ಮೇಲೆ, 2020ರ ಹೊತ್ತಿಗೆ ಮುಖ್ಯ ತಯಾರಕರು ಅದನ್ನು ಒಪ್ಪಿಕೊಂಡರು. ಮೈಬಿಸಿಗೆ ಹತ್ತಿರದ ಬಿಸಿಯುಳ್ಳ ಒಂದು ಫಲಕ ಮತ್ತು ತಣ್ಣನೆಯ ಇನ್ನೊಂದು ಫಲಕದ ನಡುವೆ, ನಿಗದಿತ ಒತ್ತಡದಲ್ಲಿ ಹಾಸನ್ನಿಟ್ಟು, ಬಿಸಿ ಫಲಕದ ಬಿಸಿ ಇಳಿಯದಂತೆ ಕಾಯಲು ಬೇಕಾಗುವ ವಿದ್ಯುತ್ತಿನಿಂದ ಪ್ರತಿರೋಧವನ್ನು ಲೆಕ್ಕಹಾಕುವುದು ಈ ಕ್ರಮ. ಹಳೆಯ ಸಂಖ್ಯೆಗಳೆಷ್ಟು ಸಡಿಲವಾಗಿದ್ದವೆಂಬುದು ಆಗ ಗೊತ್ತಾಯಿತು: ಜೀ ಲೈಟ್ ಸೋಲ್ ಫೋಮುಹಾಸಿನ ಮೌಲ್ಯ 2.6ರಿಂದ 2.0ಕ್ಕೆ ಇಳಿದರೆ, ನಿಯೋಏರ್ ಎಕ್ಸ್‌ಲೈಟ್ ಗಾಳಿಹಾಸಿನದು 3.2ರಿಂದ 4.2ಕ್ಕೆ ಏರಿತು. ಹಾಸುಗಳು ಬದಲಾಗಿರಲಿಲ್ಲ.

ಈ ಸಂಖ್ಯೆಯ ಅರ್ಥವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಮಲಗಿದ ಮೈ ಹಾಸಿಗೆ ತಾಗುವ ವಿಸ್ತಾರ 0.4 ಚದರ ಮೀಟರೆಂದೂ ಚರ್ಮಕ್ಕೂ ನೆಲಕ್ಕೂ ಇರುವ ಅಂತರ 30 ಡಿಗ್ರಿ ಸೆಲ್ಸಿಯಸ್ ಎಂದೂ ಇಟ್ಟುಕೊಂಡರೆ, ಆರ್ ಮೌಲ್ಯ 1ರ ಹಾಸಿನ ಮೂಲಕ ಸುಮಾರು 68 ವ್ಯಾಟ್ ಶಾಖ ನೆಲ ಸೇರುತ್ತದೆ. ನಿದ್ರಿಸುವ ವಯಸ್ಕರ ದೇಹ ಉತ್ಪಾದಿಸುವುದೇ ಹೆಚ್ಚುಕಡಿಮೆ 75ರಿಂದ 80 ವ್ಯಾಟ್ ಆದ್ದರಿಂದ ಉಸಿರಿಗೂ ಮೈಯ ಮೇಲ್ಭಾಗಕ್ಕೂ ಉಳಿಯುವುದು ಅತ್ಯಲ್ಪ, ಅಂದರೆ ನಡುಕ ತಪ್ಪಿದ್ದಲ್ಲ. ಮೌಲ್ಯ 2 ಆದರೆ ನಷ್ಟ 34 ವ್ಯಾಟಿಗೂ, 4 ಆದರೆ 17ಕ್ಕೂ, 8 ಆದರೆ 8.5ಕ್ಕೂ ಇಳಿಯುತ್ತದೆ. ಒಂದರಿಂದ ಎರಡಕ್ಕೆ ಏರಿದಾಗ 34 ವ್ಯಾಟ್ ಉಳಿದರೆ ನಾಲ್ಕರಿಂದ ಎಂಟಕ್ಕೆ ಏರಿದಾಗ ಉಳಿಯುವುದು ಎಂಟೂವರೆ ಮಾತ್ರ. ಹಿಮದ ಮೇಲೆ ಮಲಗದವರು ಮೇಲ್ತರಗತಿಯ ಹಾಸಿಗೆ ತೆರುವ ಹೆಚ್ಚಿನ ಹಣಕ್ಕೆ ತಕ್ಕ ಬೆಚ್ಚನೆ ಸಿಗುವುದಿಲ್ಲವೆಂದು ಇದರಿಂದ ತಿಳಿಯುತ್ತದೆ. ಸ್ಥೂಲವಾಗಿ ಬೇಸಿಗೆಗೆ 1ರಿಂದ 2, ಹಿಮವಿಲ್ಲದ ಉಳಿದ ಕಾಲಕ್ಕೆ 2ರಿಂದ 4, ಹಿಮದ ಮೇಲೆ 5 ಅಥವಾ ಹೆಚ್ಚು ಎಂಬ ಲೆಕ್ಕ ರೂಢಿಯಲ್ಲಿದೆ, ಬೇಗ ಚಳಿಯಾಗುವವರು ಒಂದು ಮೆಟ್ಟಿಲು ಮೇಲಿನದನ್ನು ಆರಿಸುವುದು ಒಳಿತು. ಎರಡು ಹಾಸುಗಳನ್ನು ಒಂದರ ಮೇಲೊಂದು ಹಾಸಿದರೆ ಮೌಲ್ಯಗಳು ಕೂಡುತ್ತವೆ: 2ರ ಫೋಮಿನ ಮೇಲೆ 4ರ ಗಾಳಿಹಾಸು ಇಟ್ಟರೆ 6. ಸ್ಲೀಪಿಂಗ್ ಬ್ಯಾಗಿನ ಮೇಲೆ ಮುದ್ರಿಸಿರುವ ತಾಪಮಾನವೂ ಪ್ರಯೋಗಾಲಯದಲ್ಲಿ ಒಳ್ಳೆಯ ಶಾಖನಿರೋಧಕ ಹಾಸಿನ ಮೇಲೆ ಗೊಂಬೆಯನ್ನು ಮಲಗಿಸಿ ಅಳೆದದ್ದು. ತೆಳು ಮ್ಯಾಟಿನ ಮೇಲೆ ಅದೇ ಬ್ಯಾಗು ಅಷ್ಟು ಬೆಚ್ಚಗಿಡುವುದಿಲ್ಲ, ದೂರು ಮಾತ್ರ ಬ್ಯಾಗಿನ ಮೇಲೆಯೇ ಬರುತ್ತದೆ.

ತೂಕ ಇಳಿಸುವ ಪ್ರಯತ್ನ ಹಾಸಿನ ಅಳತೆಯನ್ನೂ ಬಿಟ್ಟಿಲ್ಲ. ಸಾಮಾನ್ಯ ಹಾಸು 183 ಸೆಂ.ಮೀ. ಉದ್ದ, 51 ಸೆಂ.ಮೀ. ಅಗಲ; ಕಾಲಿನ ಕಡೆ ಕಿರಿದಾಗಿಸಿದರೆ ಹತ್ತಿಪ್ಪತ್ತು ಗ್ರಾಂ ಉಳಿಯುತ್ತದೆ. ತಲೆಯಿಂದ ಮಂಡಿಯವರೆಗೆ ಮಾತ್ರ ಬರುವ 120 ಸೆಂ.ಮೀ. ಆಸುಪಾಸಿನ ಗಿಡ್ಡ ಹಾಸುಗಳೂ ಇವೆ, ಕಾಲಿನ ಕೆಳಗೆ ಖಾಲಿ ಚೀಲವನ್ನೋ ಹೆಚ್ಚಿನ ಬಟ್ಟೆಯನ್ನೋ ಇಟ್ಟುಕೊಳ್ಳಬೇಕು. 4,200 ಕಿ.ಮೀ. ಮೀರಿದ ಅಮೆರಿಕದ ಪೆಸಿಫಿಕ್ ಕ್ರೆಸ್ಟ್ ಟ್ರೇಲಿನಲ್ಲಿ ನಡೆದು 1990ರ ದಶಕದಲ್ಲಿ ಹಗುರ ಚಾರಣದ ವಾದವನ್ನು ಪುಸ್ತಕಗಳ ಮೂಲಕ ಹರಡಿದ ರೇ ಜಾರ್ಡಿನ್, ಕತ್ತರಿಸಿ ಗಿಡ್ಡಮಾಡಿದ ಫೋಮಿನ ಪರವಾಗಿದ್ದರು. ಚೌಕಟ್ಟಿಲ್ಲದ ಚೀಲದೊಳಗೆ ಅದೇ ಫೋಮನ್ನು ಸುತ್ತಿಟ್ಟು ಚೀಲಕ್ಕೆ ಆಕಾರ ಕೊಡುವ ಉಪಾಯವೂ ಆ ಪಂಥದವರದು. ಆದರೆ ನೂರು ಗ್ರಾಂ ಉಳಿಸಿ ನಿದ್ದೆಗೆಡುವುದು ಎಲ್ಲರಿಗೂ ಸರಿಹೋಗುವ ವ್ಯಾಪಾರವಲ್ಲ. ಮಗ್ಗುಲಾಗಿ ಮಲಗುವವರಿಗೆ ಸೊಂಟ ನೆಲಕ್ಕೆ ತಾಗದಷ್ಟು, ಅಂದರೆ ಆರೇಳು ಸೆಂ.ಮೀ. ದಪ್ಪ ಬೇಕು; ಅಗಲವಾದ ಭುಜದವರು ಅಂಗಾತ ಮಲಗಿದರೆ 51 ಸೆಂ.ಮೀ. ಹಾಸಿನ ಆಚೆ ಮೊಣಕೈಗಳು ತಣ್ಣನೆಯ ನೆಲಕ್ಕೆ ಜಾರುವುದರಿಂದ ಅವರಿಗೆ 64 ಸೆಂ.ಮೀ. ಅಗಲದ್ದೇ ಮೇಲು. ಈಗ ಸಿಗುವ ಹಗುರ ಗಾಳಿಹಾಸುಗಳ ಪೈಕಿ ಎಕ್ಸ್‌ಲೈಟ್‌ನ ಹೊಸ ರೂಪ 7.6 ಸೆಂ.ಮೀ. ದಪ್ಪ, 4.5 ಮೌಲ್ಯ ಮತ್ತು ಸುಮಾರು 370 ಗ್ರಾಂ ತೂಕವನ್ನು ಒಟ್ಟಿಗೆ ಕೊಡುತ್ತದೆ. ಜೀ ಲೈಟ್ ಸೋಲ್ ಹಾಸಿಗಿಂತ ಹಗುರವಾಗಿಯೂ ಎರಡು ಪಟ್ಟಿಗಿಂತ ಹೆಚ್ಚು ಬೆಚ್ಚಗೂ ಇರುವ ಇಂಥ ಹಾಸಿನ ಮುಂದೆ ಫೋಮಿಗೆ ಉಳಿಯುವ ಮೇಲುಗೈ ಬೆಲೆ ಮತ್ತು ನೆಚ್ಚಿಕೆಯದು ಮಾತ್ರ.

ಆ ನೆಚ್ಚಿಕೆಯ ಬೆಲೆ ನೆಲವನ್ನು ನೋಡಿ ನಿರ್ಧಾರವಾಗಬೇಕು. ಕರ್ನಾಟಕದ ಪಶ್ಚಿಮಘಟ್ಟದ ಶಿಖರಗಳು ಎರಡು ಸಾವಿರ ಮೀಟರಿಗೆ ಒಳಗಿನವು. ಕುಮಾರ ಪರ್ವತ 1,712 ಮೀ., ಅತ್ಯುನ್ನತವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀ. ರಾತ್ರಿ ತಂಗಲು ಅನುಮತಿಯಿರುವ ಕಡೆಗಳಲ್ಲಿ ಎದುರಾಗುವುದು ಹಿಮವಲ್ಲ, ತೇವ ಮತ್ತು ಮುಳ್ಳು. ಇಬ್ಬನಿ, ಜಿಟಿಜಿಟಿ ಮಳೆ, ಲಂಟಾನದ ಪೊದೆ ಇವುಗಳ ನಡುವೆ ನೀರು ಹೀರದ, ಚುಚ್ಚಿದರೂ ಬತ್ತದ ಒಂದು ಸೆಂಟಿಮೀಟರಿನ ಒಳ್ಳೆಯ ಫೋಮುಹಾಸು ಸಾಕಾಗುತ್ತದೆ. ಅದರ ಲೆಕ್ಕದ ಮೌಲ್ಯ ಒಂದೂವರೆಗೆ ಹತ್ತಿರ. ಅದನ್ನು ಚೀಲದ ಹೊರಗೆ ಕಟ್ಟುವಾಗ ಅಡ್ಡಲಾಗಿ ಕಟ್ಟದೆ ಉದ್ದಕ್ಕೆ ಕಟ್ಟಿದರೆ ಪೊದೆಗಳ ನಡುವೆ ಸಿಕ್ಕಿಕೊಳ್ಳುವುದು ತಪ್ಪುತ್ತದೆ. ಹಿಮಾಲಯದ ಮಾತು ಬೇರೆ. ಬೆಂಗಳೂರು, ಮೈಸೂರುಗಳಿಂದ ಹೆಚ್ಚು ಜನ ಹೋಗುವ ಉತ್ತರಾಖಂಡದ ಕೇದಾರಕಂಠ ಚಾರಣದಲ್ಲಿ ಶಿಖರ 3,800 ಮೀಟರಿನದಾಗಿದ್ದು ಚಳಿಗಾಲದಲ್ಲಿ ಡೇರೆಗಳು ಹಿಮದ ಮೇಲೆಯೇ ಇರುತ್ತವೆ. ಸಂಘಟಕರು ಕೊಡುವ ಅಥವಾ ಬಾಡಿಗೆಗೆ ಸಿಗುವ ಮ್ಯಾಟು ಎಷ್ಟೋ ಸಲ ಬಳಸಿ ಸವೆದ ತೆಳು ಫೋಮಾಗಿರುವ ಸಾಧ್ಯತೆ ಇರುವುದರಿಂದ ಎರಡನ್ನು ಕೇಳಿ ಪಡೆಯುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಸ್ವಂತ ಸಾಮಾನು ಹೊತ್ತು ದಾಟುಕಣಿವೆಗಳನ್ನು ಹಾಯುವವರು ಫೋಮಿನ ಮೇಲೆ ಗಾಳಿಹಾಸನ್ನಿಡುವುದು ವಿವೇಕ, ಏಕೆಂದರೆ ಗಾಳಿಹಾಸು ನಡುರಾತ್ರಿ ಒಡೆದರೂ ಮೈ ನೇರವಾಗಿ ಹಿಮದ ಮೇಲೆ ಬೀಳುವುದಿಲ್ಲ.

ಗಾಳಿಹಾಸಿನ ಹೊದಿಕೆ ಬಟ್ಟೆಯ ದಪ್ಪವನ್ನು ಅದರ ನೂಲಿನ ತೂಕದ ಅಳತೆಯಾದ ಡೆನಿಯರ್‌ನಲ್ಲಿ ಹೇಳುತ್ತಾರೆ. ಒಂಬತ್ತು ಕಿಲೋಮೀಟರು ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅಷ್ಟು ಡೆನಿಯರ್. ಹಗುರವಾದವು 20ರಿಂದ 30 ಡೆನಿಯರಿನವು, ಇವುಗಳ ಕೆಳಗೆ ನೆಲಹಾಳೆ ಬೇಕೇಬೇಕು. ಬಾಯಿಂದ ಊದಿದಾಗ ಒಳಸೇರುವ ಉಗುರುಬೆಚ್ಚನೆಯ ಉಸಿರು 35 ಡಿಗ್ರಿಯಿಂದ 5 ಡಿಗ್ರಿಗೆ ಇಳಿದರೆ ಸುಮಾರು ಹತ್ತನೆಯ ಒಂದು ಭಾಗ ಕುಗ್ಗುವುದರಿಂದ, ಮಲಗುವ ಮುನ್ನ ಬಿಗಿಯಾಗಿದ್ದ ಹಾಸು ಮಧ್ಯರಾತ್ರಿ ಮೆತ್ತಗಾದರೆ ತೂತಾಗಿದೆಯೆಂದು ಗಾಬರಿಪಡಬೇಕಾಗಿಲ್ಲ. ಉಸಿರಿನ ತೇವ ಒಳಗೇ ಉಳಿದರೆ ಬೂಸಲು ಹಿಡಿಯುತ್ತದೆ, ಎತ್ತರದಲ್ಲಿ ಊದುವುದು ಏದುಸಿರು ತರುತ್ತದೆ. ಆದ್ದರಿಂದ ಹೊರಗಾಳಿ ತುಂಬಿ ಹಿಂಡುವ ಹಗುರ ಚೀಲವೊಂದನ್ನು ಪಂಪಿನಂತೆ ಬಳಸುವುದು ರೂಢಿಯಾಗಿದೆ. ತೂತನ್ನು ಸೋಪಿನ ನೀರು ಸವರಿ ಗುಳ್ಳೆ ಏಳುವುದನ್ನು ನೋಡಿ ಪತ್ತೆಮಾಡಿ, ಆ ಜಾಗವನ್ನು ಒರೆಸಿ ಒಣಗಿಸಿ, ಸ್ಪಿರಿಟ್ಟಿನಿಂದ ಶುಚಿಮಾಡಿ ಪ್ಯಾಚ್ ಅಂಟಿಸಿದರೆ ಹಾಸು ಮತ್ತೆ ಬಳಕೆಗೆ ಬರುತ್ತದೆ. ಒಳಗಿನ ಕೊಳವೆಗಳ ಬೆಸುಗೆ ಬಿಟ್ಟು ನಡುವೆ ದೊಡ್ಡ ಗುಬ್ಬಿಯೆದ್ದರೆ ಮನೆಯಲ್ಲಿ ಮಾಡಬಹುದಾದ ದುರಸ್ತಿಯಿಲ್ಲ. ಬಿಸಿಲಿನಲ್ಲಿ ಬಿಗಿಯಾಗಿ ಊದಿದ ಹಾಸನ್ನು ಬಿಟ್ಟರೆ ಒಳಗಾಳಿ ಹಿಗ್ಗಿ ಬೆಸುಗೆಗಳನ್ನು ಎಳೆಯುವುದರಿಂದ ಈ ಕೇಡಿಗೆ ದಾರಿಯಾಗುತ್ತದೆ. ತಾನಾಗಿ ಉಬ್ಬುವ ಹಾಸನ್ನು ಮನೆಯಲ್ಲಿ ಸುತ್ತಿಡದೆ ವಾಲ್ವ್ ತೆರೆದು ಅಗಲವಾಗಿ ಹರಡಿಡಬೇಕು, ಇಲ್ಲವಾದರೆ ಅದುಮಿದ ಫೋಮು ಅರಳುವ ಗುಣವನ್ನೇ ಕಳೆದುಕೊಳ್ಳುತ್ತದೆ. ತೆಳುವಾಗಿ ಹಾಸಿಕೊಳ್ಳಲು ಆಗದಂತಾದ ಹಳೆಯ ಮುಚ್ಚುಗೂಡಿನ ಫೋಮನ್ನು ಚೌಕಗಳಾಗಿ ಕತ್ತರಿಸಿ ಒದ್ದೆ ಬಂಡೆಯ ಮೇಲೆ ಕೂರಲು ಚಾರಣಿಗರು ಬಳಸುತ್ತಾರೆ.